ಶ್ರೇಣಿ ಅಂಕಗಳ ಸರಾಸರಿ: ಲೆಕ್ಕದ ವಿಧಾನ ಮತ್ತು ಬಳಕೆ

ಉದ್ಯೋಗಕ್ಕಾಗಿ ಅಥವಾ ಉನ್ನತ ವ್ಯಾಸಂಗಕ್ಕಾಗಿ ಸಲ್ಲಿಸುವ ಅರ್ಜಿಗಳಲ್ಲಿ 'ಹತ್ತನೆಯ ತರಗತಿಯಲ್ಲಿ ಪಡೆದ ಶೇಕಡಾವಾರು ಅಂಕ' ಎಂಬ ಅಂಕಣವೊಂದು ಸಾಮಾನ್ಯವಾಗಿ ಇರುತ್ತದೆ. ಈ ಅಂಕಣವನ್ನು ತುಂಬುವಾಗ ಅನೇಕ ಯುವಜನರು ತೊಡಕಿಗೆ ಸಿಲುಕುತ್ತಾರೆ. ಅವರ ಪ್ರಮಾಣ ಪತ್ರದಲ್ಲಿ ಶೇಕಡಾವಾರು ಅಂಕವೇ ಇರುವುದಿಲ್ಲ. ಅದರ ಬದಲಿಗೆ 8.2 ಅಥವಾ 6.4 ಎಂಬಂತಹ ಒಂದು ಸಂಖ್ಯೆ ಇರುತ್ತದೆ. 2010ರಿಂದ 2017ರವರೆಗೆ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯ, ಅಂದರೆ ಸಿ.ಬಿ.ಎಸ್.ಇ.ಯ, ಹತ್ತನೆಯ ತರಗತಿಯಲ್ಲಿ ತೇರ್ಗಡೆ ಹೊಂದಿದವರೆಲ್ಲರ ಸ್ಥಿತಿಯೂ ಇದೇ. ವರ್ಗಾವಣೆಯಾಗುತ್ತಿದ್ದ ತಂದೆತಾಯಿಗಳೊಡನೆ ಊರೂರು ಸುತ್ತಿ, ಕೇಂದ್ರೀಯ ವಿದ್ಯಾಲಯಗಳಲ್ಲಿ ಕಲಿತ ಹೊರನಾಡ ಕನ್ನಡಿಗರ ಮಕ್ಕಳಲ್ಲಿಯೂ ಇಂತಹವರು ಬಹಳ ಮಂದಿ ಇದ್ದಾರೆ. ಈ ಸಂಖ್ಯೆ ಹೇಗೆ ದೊರೆಯುತ್ತದೆ, ಅದನ್ನು ಹೇಗೆ ಬಳಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಅಂಕಗಳ ಬದಲು ಶ್ರೇಣಿಗಳನ್ನು ಬಳಸಬೇಕೆಂಬ ವಿಚಾರ ಹೊಸದಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೇ ಅದರ ಪ್ರಸ್ತಾಪವಿದೆ. ಒಂದೆರಡು ಅಂಕಗಳ ಅಂತರದಿಂದ ವಿದ್ಯಾರ್ಥಿಗಳ ಯೋಗ್ಯತೆಯನ್ನು ಅಳೆಯುವುದು ಸರಿಯಲ್ಲ, ಪರೀಕ್ಷೆಯ ಭಯವೂ ತಗ್ಗಬೇಕು ಎಂಬುದು ಇದರ ಹಿಂದಿನ ಆಶಯ. ಈ ದಿಸೆಯಲ್ಲಿ ಸಿ.ಬಿ.ಎಸ್.ಇ.ಯು 2009ರಲ್ಲಿ ನಿರಂತರ ಮತ್ತು ಸಮಗ್ರ ಮೌಲ್ಯಮಾಪನ ಪದ್ಧತಿಯನ್ನು ಒಂಬತ್ತು ಮತ್ತು ಹತ್ತನೆಯ ತರಗತಿಗಳಲ್ಲಿ ಜಾರಿಗೆ ತಂದಿತು. 2010ರ ಫಲಿತಾಂಶ ಶ್ರೇಣಿಗಳ ರೂಪದಲ್ಲಿ ಪ್ರಕಟವಾಯಿತು. ಹನ್ನೆರಡನೆಯ ತರಗತಿಗೆ ಈ ಬದಲಾವಣೆ ಅನ್ವಯಿಸಲಿಲ್ಲ. ಅಲ್ಲಿ ಅಂಕಗಳೇ ಮುಂದುವರಿದವು.

ಶ್ರೇಣಿಗಳು ಮತ್ತು ಅವುಗಳ ಅಂಕಗಳು

ಪ್ರತಿಯೊಂದು ವಿಷಯದಲ್ಲಿ ನೂರಕ್ಕೆ ದೊರೆತ ಅಂಕಗಳನ್ನು ಆಧರಿಸಿ ಒಂದು ಶ್ರೇಣಿಯನ್ನೂ, ಆ ಶ್ರೇಣಿಗೆ ನಿಗದಿಯಾದ ಶ್ರೇಣಿ ಅಂಕವನ್ನೂ ನೀಡಲಾಗುತ್ತಿತ್ತು. ಅವು ಹೀಗಿದ್ದವು:

91ರಿಂದ 100: ಎ-1, ಶ್ರೇಣಿ ಅಂಕ 10
81ರಿಂದ 90: ಎ-2, ಶ್ರೇಣಿ ಅಂಕ 9
71ರಿಂದ 80: ಬಿ-1, ಶ್ರೇಣಿ ಅಂಕ 8
61ರಿಂದ 70: ಬಿ-2, ಶ್ರೇಣಿ ಅಂಕ 7
51ರಿಂದ 60: ಸಿ-1, ಶ್ರೇಣಿ ಅಂಕ 6
41ರಿಂದ 50: ಸಿ-2, ಶ್ರೇಣಿ ಅಂಕ 5
33ರಿಂದ 40: ಡಿ, ಶ್ರೇಣಿ ಅಂಕ 4

33ಕ್ಕಿಂತ ಕಡಿಮೆ ಅಂಕ ಬಂದಲ್ಲಿ ಇ-1 ಅಥವಾ ಇ-2 ಶ್ರೇಣಿ ಸಿಗುತ್ತಿತ್ತು. ಅವುಗಳಿಗೆ ಶ್ರೇಣಿ ಅಂಕವಿರಲಿಲ್ಲ. ಅಂತಹ ವಿದ್ಯಾರ್ಥಿಯು ಆ ವಿಷಯದಲ್ಲಿ ಸುಧಾರಿಸಿಕೊಳ್ಳಬೇಕಾಗಿತ್ತು.

ಸರಾಸರಿಯನ್ನು ಲೆಕ್ಕ ಹಾಕುವ ಬಗೆ

ಐದು ಮುಖ್ಯ ವಿಷಯಗಳ ಶ್ರೇಣಿ ಅಂಕಗಳನ್ನು ಕೂಡಿಸಿ, ಬಂದ ಮೊತ್ತವನ್ನು ಐದರಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯೇ ಸಂಚಿತ ಶ್ರೇಣಿ ಅಂಕ ಸರಾಸರಿ. ಇದೇ ಸಿ.ಜಿ.ಪಿ.ಎ. ಎಂದು ಪ್ರಮಾಣ ಪತ್ರದಲ್ಲಿ ಮುದ್ರಿತವಾಗಿರುತ್ತದೆ. ಆರನೆಯ ಹೆಚ್ಚುವರಿ ವಿಷಯವನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಒಂದು ಉದಾಹರಣೆಯನ್ನು ನೋಡೋಣ. ಒಬ್ಬ ವಿದ್ಯಾರ್ಥಿನಿಗೆ ಇಂಗ್ಲಿಷಿನಲ್ಲಿ 78, ಕನ್ನಡದಲ್ಲಿ 92, ಗಣಿತದಲ್ಲಿ 58, ವಿಜ್ಞಾನದಲ್ಲಿ 71, ಸಮಾಜ ವಿಜ್ಞಾನದಲ್ಲಿ 85 ಅಂಕಗಳು ಬಂದಿವೆ ಎಂದಿಟ್ಟುಕೊಳ್ಳಿ. ಆಕೆಯ ಶ್ರೇಣಿ ಅಂಕಗಳು ಕ್ರಮವಾಗಿ 8, 10, 6, 8 ಮತ್ತು 9. ಮೊತ್ತ 41. ಇದನ್ನು 5ರಿಂದ ಭಾಗಿಸಿದರೆ 8.2. ಆಕೆ ಚಿತ್ರಕಲೆಯನ್ನು ಹೆಚ್ಚುವರಿ ವಿಷಯವಾಗಿ ತೆಗೆದುಕೊಂಡು ಅದರಲ್ಲಿ ಎ-1 ಪಡೆದಿದ್ದರೂ ಈ 8.2 ಬದಲಾಗುವುದಿಲ್ಲ. ಹಾಗೆಯೇ, ಕನ್ನಡವನ್ನು ಮುಖ್ಯ ವಿಷಯವಾಗಿ ಓದಿದ್ದರೆ ಅದರ ಶ್ರೇಣಿ ಅಂಕ ಸರಾಸರಿಗೆ ಸೇರುತ್ತದೆ. ಆರನೆಯ ವಿಷಯವಾಗಿ ಓದಿದ್ದರೆ ಸೇರುವುದಿಲ್ಲ.

ಶೇಕಡಾವಾರು ಅಂಕಕ್ಕೆ ಪರಿವರ್ತನೆ

ಸರಾಸರಿಯನ್ನು 9.5ರಿಂದ ಗುಣಿಸಿದರೆ ಸೂಚಕ ಶೇಕಡಾವಾರು ಅಂಕ ದೊರೆಯುತ್ತದೆಂದು ಮಂಡಳಿಯು ಸೂಚಿಸಿದೆ. ಮೇಲಿನ ವಿದ್ಯಾರ್ಥಿನಿಯ 8.2ನ್ನು 9.5ರಿಂದ ಗುಣಿಸಿದರೆ 77.9 ಬರುತ್ತದೆ. ಆಕೆಯ ನಿಜವಾದ ಅಂಕಗಳ ಮೊತ್ತ 384. ಅಂದರೆ ಶೇಕಡಾ 76.8. ಎರಡೂ ಹತ್ತಿರದಲ್ಲಿವೆ, ಆದರೆ ಒಂದೇ ಅಲ್ಲ. 'ಸೂಚಕ' ಎಂಬ ಪದದ ಅರ್ಥ ಇದೇ.

ಗುಣಕವು 10 ಆಗಿರದೆ 9.5 ಏಕೆ ಎಂಬ ಪ್ರಶ್ನೆ ಸಹಜ. ಎ-1 ಶ್ರೇಣಿ ಪಡೆದವರೆಲ್ಲರೂ ನೂರಕ್ಕೆ ನೂರು ಪಡೆದವರಲ್ಲ. ಅವರ ಅಂಕಗಳು 91ರಿಂದ 100ರವರೆಗೆ ಹರಡಿರುತ್ತವೆ. ಆದ್ದರಿಂದ ಶ್ರೇಣಿ ಅಂಕ 10ಕ್ಕೆ ಆ ವ್ಯಾಪ್ತಿಯ ನಡುವಿನ 95ನ್ನು ಹೊಂದಿಸುವುದು ನ್ಯಾಯಸಮ್ಮತ. ಎ-2 ಶ್ರೇಣಿಯಲ್ಲಿ ಈ ಗುಣಾಕಾರದ ಫಲ 85.5, ಅದು 81 ಮತ್ತು 90ರ ಸರಿಯಾದ ನಡುಬಿಂದು. ಕೆಳಗಿನ ಶ್ರೇಣಿಗಳಿಗೆ ಇಳಿದಂತೆ ಲೆಕ್ಕ ಸ್ವಲ್ಪ ಉದಾರವಾಗುತ್ತದೆ. ಸಿ-2ಕ್ಕೆ 47.5 ಬರುತ್ತದೆ, ಆ ವ್ಯಾಪ್ತಿಯ ನಡುಬಿಂದು 45.5 ಮಾತ್ರ.

ಈ ಪದ್ಧತಿಯ ಮಿತಿಗಳು

ಗಡಿಯಲ್ಲಿರುವ ಒಂದು ಅಂಕ ಇಲ್ಲಿ ದೊಡ್ಡ ವ್ಯತ್ಯಾಸವನ್ನು ಉಂಟುಮಾಡಬಲ್ಲದು. ಒಬ್ಬನಿಗೆ 91, 81, 71, 91, 81 ಅಂಕಗಳೂ, ಮತ್ತೊಬ್ಬನಿಗೆ 90, 80, 70, 90, 85 ಅಂಕಗಳೂ ಬಂದಿವೆ ಎಂದು ಭಾವಿಸೋಣ. ಇಬ್ಬರ ಮೊತ್ತವೂ 415. ಇಬ್ಬರಿಗೂ ಶೇಕಡಾ 83. ಆದರೆ ಮೊದಲನೆಯವನ ಸರಾಸರಿ 9.2, ಎರಡನೆಯವನದು 8.4. ಶೇಕಡಾವಾರಿಗೆ ಪರಿವರ್ತಿಸಿದರೆ ಒಬ್ಬನಿಗೆ 87.4, ಇನ್ನೊಬ್ಬನಿಗೆ 79.8. ಸಣ್ಣ ಅಂತರಗಳಿಗೆ ಮಹತ್ವ ಕೊಡಬಾರದೆಂದು ರೂಪಿಸಿದ ಪದ್ಧತಿಯಲ್ಲಿ ಸಮಾನ ಸಾಧನೆಯ ಇಬ್ಬರ ನಡುವೆ ಏಳೂವರೆಗಿಂತ ಹೆಚ್ಚಿನ ಅಂತರ ಕಾಣಿಸಿಕೊಳ್ಳುವ ಸಾಧ್ಯತೆಯೂ ಇತ್ತೆಂಬುದನ್ನು ಮರೆಯುವಂತಿಲ್ಲ. ಆದ್ದರಿಂದ ಸರಾಸರಿ ತುಸು ಕಡಿಮೆ ಇದೆಯೆಂಬ ಕಾರಣಕ್ಕೆ ಯಾರೂ ತಮ್ಮನ್ನು ಅಥವಾ ತಮ್ಮ ಮಕ್ಕಳನ್ನು ಕೀಳಾಗಿ ಎಣಿಸಬೇಕಾಗಿಲ್ಲ.

ಅರ್ಜಿ ತುಂಬುವಾಗ ಎಚ್ಚರಿಕೆ

ಸರಾಸರಿಯನ್ನು 10ರಿಂದ ಗುಣಿಸಿ ಬರೆಯುವುದು ಹಲವರು ಮಾಡುವ ತಪ್ಪು. ಇದರ ಪರಿಣಾಮವನ್ನು ಗಮನಿಸಿ. ಒಂದು ಹುದ್ದೆಗೆ ಹತ್ತನೆಯ ತರಗತಿಯಲ್ಲಿ ಕನಿಷ್ಠ ಶೇಕಡಾ 60 ಇರಬೇಕೆಂಬ ನಿಯಮವಿದೆ ಎನ್ನೋಣ. ಸರಾಸರಿ 6.2 ಪಡೆದ ಅಭ್ಯರ್ಥಿಯು ಅದನ್ನು ಶೇಕಡಾ 62 ಎಂದು ನಮೂದಿಸಿದರೆ ಅರ್ಜಿ ಸ್ವೀಕೃತವಾಗಬಹುದು; ಪರೀಕ್ಷೆಗೂ ಕರೆ ಬರಬಹುದು. ಆದರೆ ದಾಖಲೆಗಳ ಪರಿಶೀಲನೆಯ ದಿನ 6.2ಕ್ಕೆ ಸಲ್ಲುವುದು 58.9 ಮಾತ್ರ ಎಂಬುದು ಬೆಳಕಿಗೆ ಬರುತ್ತದೆ. ಅಷ್ಟು ಕಾಲದ ಶ್ರಮ ವ್ಯರ್ಥವಾಗುವುದಲ್ಲದೆ, ತಪ್ಪು ಮಾಹಿತಿ ನೀಡಿದ ಆಪಾದನೆಗೂ ಗುರಿಯಾಗಬೇಕಾದೀತು. ಐದು ವಿಷಯಗಳ ಸರಾಸರಿಯು 0.2ರ ಮೆಟ್ಟಿಲುಗಳಲ್ಲಿ ಏರುವುದರಿಂದ, ಶೇಕಡಾ 60ನ್ನು ಮುಟ್ಟಲು 6.4 ಇರಲೇಬೇಕು; ಆಗ 60.8 ಆಗುತ್ತದೆ. ಇದೇ ರೀತಿ, ಸರಾಸರಿ 10 ಇದ್ದವರು ಶೇಕಡಾ 95 ಎಂದು ಬರೆಯಬೇಕೇ ಹೊರತು 100 ಎಂದಲ್ಲ.

2018ರ ನಂತರದ ಸ್ಥಿತಿ

2018ರಿಂದ ಹತ್ತನೆಯ ತರಗತಿಗೆ ಮಂಡಳಿಯ ಪರೀಕ್ಷೆ ಎಲ್ಲರಿಗೂ ಕಡ್ಡಾಯವಾಯಿತು. ಅಂಕಗಳೂ ಮರಳಿ ಬಂದವು. ಅಂಕಪಟ್ಟಿಯಲ್ಲಿ ಇಂದಿಗೂ ಎ-1, ಎ-2 ಎಂಬ ಶ್ರೇಣಿಗಳು ಕಾಣುತ್ತವೆ; ಆದರೆ ಅವುಗಳ ಅರ್ಥ ಬೇರೆ. ಒಂದು ವಿಷಯದಲ್ಲಿ ತೇರ್ಗಡೆಯಾದವರನ್ನು ಅಂಕಗಳ ಅನುಕ್ರಮದಲ್ಲಿ ಎಂಟು ಭಾಗ ಮಾಡಿ, ಮೊದಲ ಎಂಟನೆಯ ಒಂದು ಭಾಗಕ್ಕೆ ಎ-1, ಮುಂದಿನ ಭಾಗಕ್ಕೆ ಎ-2 ಎಂಬ ಕ್ರಮದಲ್ಲಿ ಇವನ್ನು ನೀಡಲಾಗುತ್ತದೆ. ಆದ್ದರಿಂದ ಹಳೆಯ ಕೋಷ್ಟಕವನ್ನಾಗಲಿ, 9.5ರ ಗುಣಕವನ್ನಾಗಲಿ ಈ ಶ್ರೇಣಿಗಳಿಗೆ ಅನ್ವಯಿಸಲಾಗದು. ಅಂಕಗಳಿಂದಲೇ ಶೇಕಡಾವಾರು ಲೆಕ್ಕ ಹಾಕಬೇಕು.

ಹೈದರಾಬಾದಿನ ಓದುಗರಿಗೂ ಈ ವಿಷಯ ಹೊಸದಲ್ಲ. ತೆಲಂಗಾಣ ರಾಜ್ಯದ ಹತ್ತನೆಯ ತರಗತಿಯ ಫಲಿತಾಂಶವೂ ಹಲವು ವರ್ಷ 10ರ ಮಾಪನದ ಸರಾಸರಿಯ ರೂಪದಲ್ಲಿ ಪ್ರಕಟವಾಗುತ್ತಿತ್ತು. 2025ರ ಪರೀಕ್ಷೆಯಿಂದ ಅಂಕಗಳನ್ನು ನೀಡಲಾಗುತ್ತಿದೆ. 9.5ರ ಗುಣಕವು ಸಿ.ಬಿ.ಎಸ್.ಇ.ಯದು ಮಾತ್ರ. ಇತರ ಮಂಡಳಿ ಅಥವಾ ವಿಶ್ವವಿದ್ಯಾನಿಲಯಗಳ ಸರಾಸರಿಗೆ ಆಯಾ ಸಂಸ್ಥೆಯ ಸೂತ್ರವನ್ನೇ ಅನುಸರಿಸಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ಐದು ಮುಖ್ಯ ವಿಷಯಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.
2. ಸರಾಸರಿಯನ್ನೇ ನಮೂದಿಸಲು ಅರ್ಜಿಯಲ್ಲಿ ಅವಕಾಶವಿದ್ದರೆ ಅದನ್ನೇ ಬರೆಯಿರಿ. ಶೇಕಡಾವಾರು ಕೇಳಿದ್ದರೆ ಮಾತ್ರ ಪರಿವರ್ತಿಸಿ.
3. ಅಧಿಸೂಚನೆಯಲ್ಲಿ ಪರಿವರ್ತನೆಯ ಬಗ್ಗೆ ಬೇರೆ ಸೂಚನೆಯಿದ್ದರೆ ಅದನ್ನು ಪಾಲಿಸಿ.
4. ಬಂದ ಉತ್ತರವನ್ನು ಮೇಲಿನ ಪೂರ್ಣ ಸಂಖ್ಯೆಗೆ ಏರಿಸಬೇಡಿ. 58.9 ಎಂದರೆ 58.9 ಮಾತ್ರ.
5. ಹತ್ತನೆಯ ತರಗತಿಯ ಪ್ರಮಾಣ ಪತ್ರವು ಜನ್ಮ ದಿನಾಂಕದ ಆಧಾರವಾಗಿಯೂ ಬಳಕೆಯಾಗುವುದರಿಂದ ಮೂಲ ಪ್ರತಿಯನ್ನು ಜೋಪಾನವಾಗಿಡಿ.

ಒಂದು ಕೂಡಿಕೆ, ಒಂದು ಭಾಗಾಕಾರ, ಒಂದು ಗುಣಾಕಾರ: ಲೆಕ್ಕ ಇಷ್ಟೇ. ಅರ್ಜಿಗೆ ಸಹಿ ಮಾಡುವ ಮುನ್ನ ಅದನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡುವುದು ಪ್ರತಿಯೊಬ್ಬ ಅಭ್ಯರ್ಥಿಗೂ ಹಿತಕರ.