ಕಿಡಿಯೂ ಕಾದ ತಂತಿಯೂ

ದೀಪಾವಳಿಯ ರಾತ್ರಿ ನಾವು ಹಚ್ಚುವ ಸುರುಸುರು ಬತ್ತಿಯಿಂದ ಸಿಡಿಯುವ ಕಿಡಿಗಳ ಉಷ್ಣತೆ 1000 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಹೆಚ್ಚು. ಆದರೂ ಹಾರಿಬಂದ ಕಿಡಿಯೊಂದು ಕೈಗೆ ತಾಗಿದರೆ ಸಾಮಾನ್ಯವಾಗಿ ಚುರುಕ್ಕೆಂದು ಆರಿಹೋಗುತ್ತದೆ. ಉರಿದು ಕಪ್ಪಾದ ತಂತಿಯ ಉಷ್ಣತೆ ಅದಕ್ಕಿಂತ ಬಹಳ ಕಡಿಮೆ. ಆದರೆ ಬರಿಗಾಲಿನಿಂದ ಅದನ್ನು ತುಳಿದ ಬಾಲಕನ ಅಂಗಾಲಿನಲ್ಲಿ ಬೊಬ್ಬೆ ಏಳುತ್ತದೆ. ಹೆಚ್ಚು ಬಿಸಿಯಾದುದು ಸುಡದೆ ಕಡಿಮೆ ಬಿಸಿಯಾದುದು ಸುಡುವುದೇಕೆ?

ಉಷ್ಣತೆಯೂ ಶಾಖವೂ ಒಂದೇ ಎಂದು ಭಾವಿಸಿದರೆ ಇದು ಬಿಡಿಸಲಾಗದ ಒಗಟು. ಉಷ್ಣತೆಯೆಂಬುದು ವಸ್ತುವಿನ ಬಿಸಿಯ ಮಟ್ಟ. ಶಾಖವೆಂಬುದು ಬಿಸಿಯಾದ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಹರಿಯುವ ಶಕ್ತಿ. ಕಿಡಿಯು ಧೂಳಿನ ಕಣದಷ್ಟು ಚಿಕ್ಕದು. ಅದರ ಮಟ್ಟ ಎಷ್ಟೇ ಎತ್ತರದಲ್ಲಿದ್ದರೂ ಅದು ಕೊಡಬಲ್ಲ ಶಾಖ ಅತ್ಯಲ್ಪ. ತಂತಿಯ ದ್ರವ್ಯರಾಶಿಯಾದರೋ ಅದರ ಸಾವಿರಾರು ಪಾಲು. 'ಉಷ್ಣಮಾಪಕ' ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ: ಅದು ಅಳೆಯುವುದು ಬಿಸಿಯ ಮಟ್ಟವನ್ನು, ಶಾಖದ ಮೊತ್ತವನ್ನಲ್ಲ.

ಹಾಗಾದರೆ ಉಷ್ಣತೆ, ದ್ರವ್ಯರಾಶಿ ಇವೆರಡನ್ನೇ ತಿಳಿದರೆ ಸಾಕೆ? ಹಿಂದಿನ ಅನೇಕ ವಿದ್ವಾಂಸರು ಸಾಕೆಂದೇ ನಂಬಿದ್ದರು. 1760ರ ಸುಮಾರಿನಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕನು, ಫ್ಯಾರನ್‌ಹೀಟನು ಮಾಡಿದ್ದ ಒಂದು ಪ್ರಯೋಗವನ್ನು ಮತ್ತೆ ಪರಿಶೀಲಿಸಿದನು. ಪಾದರಸವು ಅಷ್ಟೇ ಗಾತ್ರದ ನೀರಿಗಿಂತ 13 ಪಟ್ಟಿಗೂ ಹೆಚ್ಚು ಭಾರ. ಆದುದರಿಂದ ಬಿಸಿ ಪಾದರಸವನ್ನು ಸಮಗಾತ್ರದ ತಣ್ಣೀರಿಗೆ ಬೆರೆಸಿದರೆ ಮಿಶ್ರಣದ ಉಷ್ಣತೆ ಪಾದರಸದ ಕಡೆಗೆ ವಾಲಬೇಕಾಗಿತ್ತು. ನಿಜವಾಗಿ ಅದು ವಾಲುವುದು ನೀರಿನ ಕಡೆಗೆ! ಶಾಖವನ್ನು ತುಂಬಿಕೊಳ್ಳುವ ಸಾಮರ್ಥ್ಯ ಒಂದೊಂದು ವಸ್ತುವಿಗೆ ಒಂದೊಂದು ಬಗೆ ಎಂದು ಬ್ಲ್ಯಾಕನು ನಿರ್ಧರಿಸಿದನು.

ಒಂದು ಗ್ರಾಂ ವಸ್ತುವಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖವೇ ಅದರ ವಿಶಿಷ್ಟ ಶಾಖ. ನೀರಿಗೆ ಅದು 1 ಕ್ಯಾಲೊರಿ, ಅಂದರೆ ಸುಮಾರು 4.18 ಜೂಲ್, ಕಬ್ಬಿಣಕ್ಕೆ ಸುಮಾರು 0.11 ಕ್ಯಾಲೊರಿ, ಪಾದರಸಕ್ಕೆ ಕೇವಲ 0.033.

ಈಗ ನಮ್ಮ ತಂತಿಗೆ ಮರಳೋಣ. 5 ಗ್ರಾಂ ತೂಕದ ಕಬ್ಬಿಣದ ತಂತಿಯು 530 ಡಿಗ್ರಿಯಿಂದ 30 ಡಿಗ್ರಿಗೆ ಇಳಿಯುವಾಗ ಬಿಟ್ಟುಕೊಡುವ ಶಾಖ 5 × 0.11 × 500, ಅಂದರೆ 275 ಕ್ಯಾಲೊರಿ. ಅದನ್ನು 5 ಲೀಟರ್ ನೀರಿರುವ ಬಕೆಟ್ಟಿನಲ್ಲಿ ಅದ್ದಿದರೆ, ಆ ಶಾಖವೆಲ್ಲ ಸೇರಿದರೂ 5000 ಗ್ರಾಂ ನೀರಿನ ಉಷ್ಣತೆ ಏರುವುದು 0.055 ಡಿಗ್ರಿ ಮಾತ್ರ. ಅಂಗಾಲನ್ನು ಸುಡಬಲ್ಲ ಶಾಖವು ನೀರಿನಲ್ಲಿ ಬೆರಳಿಗೂ ತಿಳಿಯದಂತೆ ಅಡಗಿಹೋಗುತ್ತದೆ. ಉರಿದ ತಂತಿಯನ್ನು ಅಂಗಳಕ್ಕೆ ಎಸೆಯದೆ ನೀರಿಗೆ ಹಾಕಬೇಕೆಂದು ಹಿರಿಯರು ಹೇಳುವ ಮಾತಿನ ಹಿಂದಿರುವ ಲೆಕ್ಕ ಇದೇ.