ಎರಡು ಕಡ್ಡಿ, ಒಂದು ತುಂಡು ವಾಲ್‌ಟ್ಯೂಬ್

ಸೈಕಲ್ ರಿಪೇರಿ ಅಂಗಡಿಯಲ್ಲಿ ವಾಲ್‌ಟ್ಯೂಬ್ ಕೇಳಿದರೆ ಸಣ್ಣದೊಂದು ರಬ್ಬರ್ ಕೊಳವೆಯನ್ನು ಕತ್ತರಿಸಿ ಕೊಡುತ್ತಾರೆ. ಚಕ್ರಕ್ಕೆ ಗಾಳಿ ತುಂಬುವ ಜಾಗದಲ್ಲಿ ಲೋಹದ ಪುಟ್ಟ ಕಡ್ಡಿಯೊಂದರ ಮೇಲೆ ಇದನ್ನು ತೊಡಿಸುತ್ತಾರೆ. ಪಂಪು ಒತ್ತಿದಾಗ ರಬ್ಬರು ಹಿಗ್ಗಿ ಗಾಳಿಯನ್ನು ಒಳಗೆ ಬಿಡುತ್ತದೆ. ಪಂಪು ನಿಂತ ಕೂಡಲೇ ಆ ಕಡ್ಡಿಯ ರಂಧ್ರಕ್ಕೆ ಬಿಗಿಯಾಗಿ ಅಂಟಿಕೊಂಡು ಗಾಳಿ ಹೊರಗೆ ಹೋಗದಂತೆ ತಡೆಯುತ್ತದೆ. ಅದರ ಕೆಲಸ ಅಷ್ಟೇ. ಆದರೆ ಇದೇ ಕೊಳವೆಯೊಳಗೆ ಬೆಂಕಿಕಡ್ಡಿ ಸರಿಯಾಗಿ ಕೂರುತ್ತದೆ ಎಂಬುದು 1978ರಲ್ಲಿ ಮಧ್ಯಪ್ರದೇಶದ ಹಳ್ಳಿ ಸಂತೆಯೊಂದರಲ್ಲಿ ಚಿಲ್ಲರೆ ಸಾಮಾನು ಹುಡುಕುತ್ತಿದ್ದ ಒಬ್ಬ ತರುಣ ಎಂಜಿನಿಯರಿಗೆ ಹೊಳೆಯಿತು. ಇವತ್ತು ಬೇಸಿಗೆ ಶಿಬಿರಗಳಲ್ಲಿ, ಶಾಲೆಗಳಲ್ಲಿ, ಮನೆಗಳಲ್ಲಿ ‘ಕಸದಿಂದ ರಸ’ ಎಂದು ನಾವು ಮಾಡಿಸುವ ಎಷ್ಟೋ ಆಟಿಕೆಗಳ ಹಿಂದಿನ ದಾರಿ ಹಿಡಿದು ಹೋದರೆ ಆ ಸಂತೆಗೇ ಬಂದು ಮುಟ್ಟುತ್ತೇವೆ.

ಆ ಎಂಜಿನಿಯರ್ ಅರವಿಂದ ಗುಪ್ತ. ಉತ್ತರ ಪ್ರದೇಶದ ಬರೇಲಿಯವರು. 1975ರಲ್ಲಿ ಕಾನ್ಪುರದ ಐಐಟಿಯಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿ ಪುಣೆಯ ಟೆಲ್ಕೊ ಕಾರ್ಖಾನೆ ಸೇರಿದ್ದರು. ಐಐಟಿಯಲ್ಲಿದ್ದಾಗಲೇ ಅಲ್ಲಿನ ಮೆಸ್ ಕೆಲಸಗಾರರ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಆ ದಿನಗಳಲ್ಲೇ ಅನಿಲ್ ಸದ್ಗೋಪಾಲ್ ಅವರ ಭಾಷಣವೊಂದನ್ನು ಕೇಳಿದ್ದರು. ಸದ್ಗೋಪಾಲ್ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಿಎಚ್‌ಡಿ ಪಡೆದು, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸ ಬಿಟ್ಟು, ಹೋಶಂಗಾಬಾದ್ ಜಿಲ್ಲೆಯ ಹಳ್ಳಿಗಾಡಿನಲ್ಲಿ ‘ಕಿಶೋರ ಭಾರತಿ’ ಕಟ್ಟಿದವರು. ಕಾರ್ಖಾನೆಯಿಂದ ಒಂದು ವರ್ಷದ ರಜೆ ಸಿಕ್ಕಾಗ ಗುಪ್ತ ಹೋದದ್ದು ಅಲ್ಲಿಗೇ.

ಈಗ ನರ್ಮದಾಪುರಂ ಎಂದು ಹೆಸರು ಬದಲಾಗಿರುವ ಆ ಜಿಲ್ಲೆಯಲ್ಲಿ ನಡೆಯುತ್ತಿದ್ದುದು ಭಾರತದ ಶಾಲಾ ಶಿಕ್ಷಣದ ಬಹು ದೊಡ್ಡ ಪ್ರಯೋಗಗಳಲ್ಲೊಂದು. 1972ರಲ್ಲಿ ಕಿಶೋರ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸೇರಿ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನವನ್ನು ಬೇರೆ ಬಗೆಯಲ್ಲಿ ಕಲಿಸಲು ಹೊರಟಿದ್ದವು. ಪಾಠ ಬಾಯಿಪಾಠ ಮಾಡುವಂತಿಲ್ಲ. ಮಕ್ಕಳೇ ಪ್ರಯೋಗ ಮಾಡಬೇಕು, ಕಂಡದ್ದನ್ನು ಬರೆಯಬೇಕು, ಸಹಪಾಠಿಗಳ ಜೊತೆ ವಾದ ಮಾಡಬೇಕು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಬಹುದಿತ್ತು. 1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಗೆ ವಿಸ್ತರಿಸಿತು. ಪ್ರಯೋಗ ಎಂದರೆ ಸಾಮಾನು ಬೇಕಲ್ಲ! ಹಳ್ಳಿ ಶಾಲೆಯಲ್ಲಿ ಪ್ರಯೋಗಾಲಯವಿಲ್ಲ. ಸಾಮಾನು ಬಂದರೂ ಮಕ್ಕಳ ಕೈಗೆ ಕೊಟ್ಟರೆ ಒಡೆದೀತೆಂದು ಬೀರುವಿನಲ್ಲಿಟ್ಟು ಬೀಗ ಹಾಕುವುದು ನಮ್ಮ ಶಾಲೆಗಳ ಹಳೆಯ ರೂಢಿ. ಹಾಗಾಗಿ ಅಲ್ಲಿನವರು ಸುತ್ತಮುತ್ತ ಸಿಗುವುದನ್ನೇ ಸಲಕರಣೆ ಮಾಡಿಕೊಂಡರು. ಹೂವನ್ನು ಬಿಡಿಸಿ ನೋಡಲು ದುಬಾರಿ ಸೂಜಿಯ ಬದಲು ಜಾಲಿ ಮುಳ್ಳು ಬಂತು. ಮುಳ್ಳು ಮುರಿದರೆ ಯಾರೂ ಬೈಯುವುದಿಲ್ಲ. ಶಾಲೆಯ ಬೇಲಿಯಲ್ಲೇ ಇನ್ನೊಂದು ಸಿಗುತ್ತದೆ.

ಈ ಜಾಲಿ ಮುಳ್ಳನ್ನು ಬಡವರ ಸೂಜಿ ಎಂದುಕೊಂಡರೆ ಇಡೀ ವಿಚಾರವೇ ಕೈ ತಪ್ಪುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಅಗ್ಗ ಎಂಬ ಕಾರಣಕ್ಕೆ ಅದು ಬಂದದ್ದು ನಿಜ. ಆದರೆ ಅದರಿಂದ ಮಗುವಿಗೆ ಸಿಕ್ಕಿದ್ದು ಉಳಿತಾಯವಲ್ಲ, ಕೆಡಿಸುವ ಹಕ್ಕು. ವಸ್ತು ಕೆಟ್ಟರೆ ಕೇಳುವವರಿಲ್ಲ ಎಂದಾದ ಮೇಲೆಯೇ ಮಗು ಅದನ್ನು ನಿಜವಾಗಿ ಮುಟ್ಟುತ್ತದೆ.

ಗುಪ್ತ ಅವರ ಕಡ್ಡಿ ಜೋಡಣೆ ಹುಟ್ಟಿದ್ದು ಈ ಗಾಳಿಯಲ್ಲಿ. ಸಂತೆಯಲ್ಲಿ ಕಣ್ಣಿಗೆ ಬಿದ್ದ ವಾಲ್‌ಟ್ಯೂಬ್ ತಂದರು, ಬೆಂಕಿಕಡ್ಡಿ ತೂರಿಸಿದರು. ಒಂದೂವರೆ ಸೆಂಟಿಮೀಟರಿನ ತುಂಡಿನ ಎರಡೂ ಕಡೆಯಿಂದ ಒಂದೊಂದು ಕಡ್ಡಿ ತಳ್ಳಿದರೆ ಮೊಣಕೈಯಂತೆ ಬಗ್ಗುವ ಕೀಲು ಸಿದ್ಧ. ಆ ಕೀಲಿನ ನಡುವೆ ಮುಳ್ಳಿನಿಂದ ತೂತು ಮಾಡಿ ಮೂರನೇ ಕಡ್ಡಿ ಚುಚ್ಚಿದರೆ ಮೂರರ ಕೀಲು. ಮೂರು ಕಡ್ಡಿಯ ತ್ರಿಕೋನಕ್ಕೆ ಇನ್ನೂ ಮೂರು ಕಡ್ಡಿ ನಿಲ್ಲಿಸಿ ತುದಿ ಸೇರಿಸಿದರೆ ಪುಟ್ಟ ಗೋಪುರ ಏಳುತ್ತದೆ. ಚೌಕದಿಂದ ಪೆಟ್ಟಿಗೆಯಾಗುತ್ತದೆ, ಪೆಟ್ಟಿಗೆಯ ಮೇಲೆ ಮಾಡು ಹೊದಿಸಿದರೆ ಮನೆಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಮೆಕ್ಯಾನೊ ಎಂಬ ಜೋಡಣೆ ಆಟಿಕೆಯ ಡಬ್ಬಿಯ ಕೆಲಸವನ್ನು ಚಿಲ್ಲರೆ ಕಾಸಿನ ಸಾಮಾನು ಮಾಡಿತು. ಮುಂದೆ ಬಂದ ‘ಮ್ಯಾಚ್‌ಸ್ಟಿಕ್ ಮಾಡೆಲ್ಸ್ ಅಂಡ್ ಅದರ್ ಸೈನ್ಸ್ ಎಕ್ಸ್‌ಪೆರಿಮೆಂಟ್ಸ್’ ಎಂಬ ತೆಳು ಪುಸ್ತಕ ಇದನ್ನು ದೇಶಕ್ಕೆಲ್ಲ ಹಂಚಿತು. ಹಲವು ಭಾಷೆಗಳಿಗೆ ಅನುವಾದವಾಯಿತು. ಅವರ ಪುಸ್ತಕಗಳು ಕನ್ನಡಕ್ಕೂ ಬಂದಿವೆ.

ದಾವಣಗೆರೆಯಲ್ಲಿ ಅಕ್ಕನ ಮಗಳ ಜೊತೆ ಕೂತು ಇದನ್ನು ಮಾಡಿದಾಗ ನಾನು ಕಂಡದ್ದನ್ನು ಹೇಳಲೇಬೇಕು. ಕಡ್ಡಿಯ ತುದಿಯನ್ನು ನೀರಿಗೆ ಅದ್ದಿ ಮದ್ದು ತೆಗೆದು ಕೊಟ್ಟದ್ದು, ಟ್ಯೂಬು ಕತ್ತರಿಸಿ ಕೊಟ್ಟದ್ದು ನಾನು. ಉಳಿದದ್ದೆಲ್ಲ ಅವಳದು. ಮೊದಲು ಚೌಕ ಮಾಡಿದಳು. ಎತ್ತಿ ನಿಲ್ಲಿಸಲು ಹೋದರೆ ಅದು ಪಕ್ಕಕ್ಕೆ ವಾಲಿ ಚಪ್ಪಟೆಯಾಯಿತು.

“ಚಿಕ್ಕಮ್ಮಾ, ಇದು ನಿಲ್ತಾನೇ ಇಲ್ಲ ನೋಡು.”

“ಇನ್ನೊಂದು ಕಡ್ಡಿ ಎಲ್ಲಾದ್ರೂ ಕೊಟ್ಟು ನೋಡೇ.”

ಮೂಲೆಯಿಂದ ಮೂಲೆಗೆ ಕೊಡಲು ನೋಡಿದಳು. ಎಟುಕಲಿಲ್ಲ. ಚೌಕದ ಬದಿಗಿಂತ ಕರ್ಣ ಉದ್ದ ಎಂದು ಎಂಟನೇ ತರಗತಿಯಲ್ಲಿ ಹೇಳಿಕೊಡುವುದನ್ನು ಎರಡನೇ ತರಗತಿಯ ಹುಡುಗಿ ಬೆರಳಲ್ಲಿ ಹಿಡಿದು ಕೂತಿದ್ದಳು. ಬೇರೆ ಕಡ್ಡಿ ಹಿಡಿದಳು, ಅದೂ ಅಷ್ಟೇ ಉದ್ದ. ಕೊನೆಗೆ ಹಿತ್ತಲಿಗೆ ಹೋಗಿ ಪೊರಕೆಯಿಂದ ಒಂದು ಕಡ್ಡಿ ಕಿತ್ತು ತಂದು, ಹಲ್ಲಿನಲ್ಲಿ ಕಚ್ಚಿ ಅಳತೆಗೆ ಮುರಿದು ಚುಚ್ಚಿದಳು. ಚೌಕ ಬಿಗಿಯಾಗಿ ನಿಂತಿತು. ಅದನ್ನು ಹಿಡಿದು ಅಲ್ಲಾಡಿಸಿದಳು, ಮತ್ತೆ ಪೊರಕೆ ಕಡ್ಡಿ ಕಿತ್ತಳು, ಮತ್ತೆ ಬೀಳಿಸಿದಳು. ಹೀಗೆ ಬೀಳಿಸುವುದೇ ಬಹಳ ಹೊತ್ತಿನ ಆಟವಾಯಿತು. ರೈಲು ಸೇತುವೆ, ವಿದ್ಯುತ್ ಗೋಪುರಗಳ ತುಂಬ ತ್ರಿಕೋನಗಳೇಕೆ ಎಂದು ನಾನು ಆಗ ಹೇಳಲು ಹೋಗಲಿಲ್ಲ. ಮಕ್ಕಳು ಮೈಮರೆತಿರುವಾಗ ಪಾಠ ತುರುಕುವುದು ದೊಡ್ಡ ಅನ್ಯಾಯ.

ಇದೆಲ್ಲ ಒಬ್ಬರ ತಲೆಯಿಂದ ಏಕಾಏಕಿ ಬಂದದ್ದಲ್ಲ. ನಮ್ಮ ಬಯಲುಸೀಮೆಯ, ಉತ್ತರ ಕರ್ನಾಟಕದ ಮಕ್ಕಳು ಜೋಳದ ದಂಟಿನ ಸಿಪ್ಪೆ ಸುಲಿದು, ಒಳಗಿನ ಬಿಳಿ ಬೆಂಡಿಗೆ ಅದೇ ಸಿಪ್ಪೆಯ ಸಿಬಿರು ಚುಚ್ಚಿ ಗಾಡಿ, ಕನ್ನಡಕ ಮಾಡುತ್ತಿದ್ದುದನ್ನು ನೆನೆಯಿರಿ. ಕೀಲಿನ ಲೆಕ್ಕಾಚಾರ ಒಂದೇ. ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಮಣ್ಣು ಕಲಸಿದ ಕೈಗಳು, ತೆಂಗಿನ ಗರಿಯಲ್ಲಿ ಗಿರಗಿಟ್ಲೆ ತಿರುಗಿಸಿದ ಕೈಗಳು, ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ‘ಹಲೋ’ ಎಂದ ಬಾಯಿಗಳು ನಮ್ಮಲ್ಲಿ ಎಲ್ಲೆಡೆ ಇದ್ದವು. ಹಳೆಯ ಸೀರೆ, ಪಂಚೆ ಸೇರಿಸಿ ಕೌದಿ ಹೊಲಿಯುವ ಅಜ್ಜಿಯ ಪಕ್ಕ ಉಳಿದ ಚಿಂದಿಯಲ್ಲಿ ಬೊಂಬೆ ಕಟ್ಟಿದ ಮೊಮ್ಮಗಳೂ ಇದ್ದಳು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಸುದರ್ಶನ್ ಖನ್ನಾ ಜಾತ್ರೆಗಳಲ್ಲಿ ಮಾರುವ ಇಂಥ ಆಟಿಕೆಗಳನ್ನು ಸಂಗ್ರಹಿಸಿ, ಒಂದೊಂದೂ ಹೇಗೆ ಕುಣಿಯುತ್ತದೆ, ಹೇಗೆ ಸದ್ದು ಮಾಡುತ್ತದೆ ಎಂದು ಚಿತ್ರ ಸಮೇತ ಪುಸ್ತಕ ಮಾಡಿದರು. ಜಾತ್ರೆಯ ಆಟಿಕೆಯಲ್ಲಿ ವಿಜ್ಞಾನ ಮೊದಲೇ ಇತ್ತು. ಅದನ್ನು ಗುರುತಿಸುವ ಕಣ್ಣು ತಡವಾಗಿ ಬಂತು.

ಹೊರದೇಶದಲ್ಲೂ ಬೇರೆ ಬೇರೆ ಜನ ಇದೇ ಕಡೆಗೆ ಬಂದಿದ್ದರು. ಡೆನ್ಮಾರ್ಕಿನ ಎಮ್‌ಡ್ರಪ್‌ನಲ್ಲಿ 1943ರಲ್ಲಿ, ಜರ್ಮನರು ದೇಶವನ್ನು ಆಕ್ರಮಿಸಿದ್ದ ಕಾಲದಲ್ಲಿ, ಸಿ. ಟಿ. ಸೋರೆನ್‌ಸೆನ್ ಎಂಬ ಭೂದೃಶ್ಯ ವಿನ್ಯಾಸಕಾರರ ಕಲ್ಪನೆಯಂತೆ ಮುರುಕು ಹಲಗೆ, ಇಟ್ಟಿಗೆಗಳ ಆಟದ ಬಯಲು ಶುರುವಾಯಿತು. ತಾವು ಕಟ್ಟಿಸಿದ ಚೆಂದದ ಆಟದ ಮೈದಾನಗಳಿಗಿಂತ ಕಟ್ಟಡ ಕೆಲಸದ ಜಾಗಗಳಲ್ಲೇ ಮಕ್ಕಳು ಹೆಚ್ಚು ಆಡುತ್ತಾರೆಂದು ಅವರು ಗಮನಿಸಿದ್ದರು.

ಮತ್ತೆ ಹೋಶಂಗಾಬಾದಿಗೆ. 1982ರಲ್ಲಿ ಹುಟ್ಟಿದ ‘ಏಕಲವ್ಯ’ ಸಂಸ್ಥೆ ಈ ವಿಜ್ಞಾನ ಕಾರ್ಯಕ್ರಮವನ್ನು ವಹಿಸಿಕೊಂಡು ಬೇರೆ ಜಿಲ್ಲೆಗಳಿಗೂ ಒಯ್ದಿತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ಶಿಕ್ಷಕರು, ವಿಜ್ಞಾನಿಗಳು ಸೇರಿ ಬೆಳೆಸಿದ ಕೆಲಸ ಹಾಗೆ ನಿಂತದ್ದು ಇಂದಿಗೂ ಮನಸ್ಸಿಗೆ ಬೇಸರ ತರುತ್ತದೆ. ಆದರೆ ಆಟಿಕೆಗಳು ಶಾಲೆಯ ಗೋಡೆ ದಾಟಿ ಆಗಲೇ ಹೊರಟಿದ್ದವು. ಜನವಿಜ್ಞಾನ ಚಳವಳಿಯ ಕಾರ್ಯಕರ್ತರ ಜೋಳಿಗೆಯಲ್ಲಿ ಅವು ಊರೂರು ತಿರುಗಿದವು. ಕರ್ನಾಟಕದ ಸರ್ಕಾರಿ ಶಾಲೆಗಳ ಮಕ್ಕಳ ಹಬ್ಬಗಳಲ್ಲಿ ‘ಕಾಗದ ಕತ್ತರಿ’, ‘ಮಾಡು ಆಡು’ ಎಂಬ ಹೆಸರಿನ ಮೂಲೆಗಳನ್ನು ಕಂಡವರಿಗೆ ಆ ಜೋಳಿಗೆಯ ಗುರುತು ಸಿಕ್ಕೀತು.

ಗುಪ್ತ 2003ರಿಂದ 2014ರವರೆಗೆ ಪುಣೆಯ ಅಯೂಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿದ್ದರು. ಖಗೋಳವಿಜ್ಞಾನಿ ಜಯಂತ ನಾರಳೀಕರ್ ಕಟ್ಟಿದ ಸಂಸ್ಥೆ ಅದು. ಮಕ್ಕಳ ಕೇಂದ್ರಕ್ಕೆ ನೆರವಾದದ್ದು ಮರಾಠಿ ಸಾಹಿತಿ ಪು. ಲ. ದೇಶಪಾಂಡೆ ಅವರ ಪ್ರತಿಷ್ಠಾನ. ನಕ್ಷತ್ರ ನೋಡುವವರ ಅಂಗಳದಲ್ಲಿ ಹಳೆಯ ಪೆನ್ನಿನ ರೀಫಿಲ್ಲು, ಟೆಟ್ರಾಪ್ಯಾಕ್, ಕೆಟ್ಟ ಸಿ.ಡಿ.ಗಳಿಂದ ಆಟಿಕೆಗಳು ತಯಾರಾದವು. ಅವುಗಳ ಪುಟ್ಟ ವಿಡಿಯೊಗಳು ಹಲವು ಭಾರತೀಯ ಭಾಷೆಗಳಲ್ಲಿ ಬಂದವು. ಎಲ್ಲವೂ ಉಚಿತ, ಯಾರು ಬೇಕಾದರೂ ಬಳಸಬಹುದು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಅವರು ಜನಪ್ರಿಯಗೊಳಿಸಿದ ಒಂದು ಮೋಟಾರು ನನಗೆ ಬಹಳ ಇಷ್ಟ. ಟಾರ್ಚಿನ ಸೆಲ್ಲಿನ ಎರಡೂ ತುದಿಗೆ ಒಂದೊಂದು ಸೇಫ್ಟಿಪಿನ್ ಇಟ್ಟು ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿಯಬೇಕು. ಸೆಲ್ಲಿನ ಮೇಲೆ ಒಂದು ಅಯಸ್ಕಾಂತ. ಪಿನ್ನುಗಳ ಕಣ್ಣಿನಲ್ಲಿ ತೂಗುವಂತೆ ಎನಾಮಲ್ ಲೇಪದ ತಾಮ್ರದ ತಂತಿಯ ಸುರುಳಿ. ತಂತಿಯ ಒಂದು ತುದಿಯ ಲೇಪವನ್ನು ಸುತ್ತಲೂ ಕೆರೆಯಬೇಕು. ಇನ್ನೊಂದು ತುದಿಯಲ್ಲಿ ಮಾತ್ರ ಒಂದು ಬದಿ ಹಾಗೇ ಬಿಡಬೇಕು. ಆ ಬದಿ ಪಿನ್ನಿಗೆ ತಾಗಿದಾಗ ವಿದ್ಯುತ್ತು ಕಡಿಯುತ್ತದೆ, ಸುರುಳಿ ತಿರುಗಿದ ರಭಸಕ್ಕೇ ಮುಂದೆ ಹೋಗುತ್ತದೆ, ಮತ್ತೆ ವಿದ್ಯುತ್ತು ಹತ್ತುತ್ತದೆ. ಪೂರ್ತಿ ಕೆರೆದುಬಿಟ್ಟರೆ ಸುರುಳಿ ಅಲ್ಲೇ ಒದ್ದಾಡುತ್ತದೆ. ಎಂಟು ಹತ್ತು ವರ್ಷದ ಮಕ್ಕಳಿದ್ದರೆ ಅಪ್ಪ ಅಮ್ಮ ಜೊತೆಗೆ ಕೂತು ಮಾಡಬೇಕಾದದ್ದು. ಮನೆಯಲ್ಲಿ ಕೂಸುಗಳಿದ್ದರೆ ಅಯಸ್ಕಾಂತ, ಬಟನ್ ಸೆಲ್ಲುಗಳನ್ನು ಎತ್ತಿಡಿ. ನುಂಗಿದರೆ ಜೀವಕ್ಕೇ ಅಪಾಯ.

ಇನ್ನೂ ಚಿಕ್ಕವರಿಗೆ ಪೀಪಿ ಸಾಕು. ಸ್ಟ್ರಾದ ಒಂದು ತುದಿಯನ್ನು ಚಪ್ಪಟೆ ಮಾಡಿ, ಎರಡು ಕಡೆ ಓರೆಯಾಗಿ ಕತ್ತರಿಸಿ ನಾಲಗೆ ಮಾಡಿ ಊದಬೇಕು. ಊದುತ್ತಿರುವಾಗಲೇ ಇನ್ನೊಬ್ಬರು ಇನ್ನೊಂದು ತುದಿಯಿಂದ ಕತ್ತರಿಸುತ್ತ ಬಂದರೆ ಸ್ವರ ಮೇಲೇರುತ್ತ ಹೋಗುತ್ತದೆ, ಮಕ್ಕಳು ನಕ್ಕು ನಕ್ಕು ಉರುಳುತ್ತಾರೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾಗಳಿಗೆ ನಿಷೇಧ ಬಂದಿದೆ, ಕಾಗದದ್ದು ಎಂಜಲಿಗೆ ಬೇಗ ಮೆತ್ತಗಾಗುತ್ತದೆ. ಹಿತ್ತಲಿದ್ದವರಿಗೆ ಪಪ್ಪಾಯಿ ಎಲೆಯ ದಂಟು ಹೇಗೂ ಇದೆ.

ಶಾಲೆಗಳ ‘ಬೆಸ್ಟ್ ಔಟ್ ಆಫ್ ವೇಸ್ಟ್’ ಸ್ಪರ್ಧೆಗಳ ಬಗ್ಗೆ ನನಗೆ ಸಂಕಟವಿದೆ. ಒಂದು ಶಾಲೆಯ ಪ್ರದರ್ಶನದಲ್ಲಿ ಬಾಟಲಿಗಳಿಗೆ ಚಿನ್ನದ ಬಣ್ಣ, ಮಣಿ, ಲೇಸು ಹಚ್ಚಿದ ಹೂದಾನಿಗಳು ಸಾಲಾಗಿ ಕೂತಿದ್ದವು. ಎಲ್ಲವೂ ಅಂದವಾಗಿದ್ದವು, ಒಂದರಲ್ಲೂ ಮಗುವಿನ ಬೆರಳ ಗುರುತಿರಲಿಲ್ಲ. ಅಮ್ಮಂದಿರು ರಾತ್ರಿ ನಿದ್ದೆಗೆಟ್ಟು ಮಾಡಿದ್ದರು. ಒಂದು ಬಾಟಲಿ ಉಳಿಸಲು ಅಂಗಡಿಯಿಂದ ಒಂದು ಚೀಲ ಹೊಸ ಸಾಮಾನು ಬಂದಿತ್ತು. ‘ಮುಟ್ಟಬೇಡಿ’ ಎಂದು ಚೀಟಿ ಬೇರೆ. ಮೂಲದಲ್ಲಿ ಬೀರುವಿನ ಬೀಗ ತೆಗೆಯಲೆಂದು ಹುಟ್ಟಿದ ಆಟಕ್ಕೆ ಹೀಗೆ ನಾವೇ ಬೀಗ ಹಾಕಿದ್ದೇವೆ. ಮಗು ಅಂಟಿಸಿದ ಸೊಟ್ಟ ಕಿವಿಯ ರಟ್ಟಿನ ಆನೆಯನ್ನು ಸೊಟ್ಟಗೇ ಬಿಡಲು ದೊಡ್ಡವರಿಗೆ ಏಕಿಷ್ಟು ಕಷ್ಟವೋ! ಬಹುಮಾನ ಕೊಡುವುದೇ ಆದರೆ ಸಂಜೆಯ ಹೊತ್ತಿಗೆ ಆಡಿ ಆಡಿ ಹರಿದುಹೋದ ಆಟಿಕೆಗೆ ಕೊಡಲಿ.

ವಾಲ್‌ಟ್ಯೂಬ್ ಈಗ ಎಲ್ಲ ಕಡೆ ಸಿಗುವುದಿಲ್ಲ. ಗೇರ್ ಸೈಕಲ್‌ಗಳ ವಾಲ್ವಿಗೆ ಅದು ಬೇಡ. ಸಿಗದವರು ಅಡುಗೆಮನೆಗೆ ಹೋಗಬಹುದು. ಬಟಾಣಿಗೆ ಕಡ್ಡಿ ಚುಚ್ಚಿ ಆಕಾರ ಕಟ್ಟುವುದು ಜರ್ಮನಿಯ ಫ್ರೋಬೆಲ್ ಶುರುಮಾಡಿದ ಶಿಶುವಿಹಾರಗಳ ಹಳೆಯ ಆಟ. ಗೋಳಾಕಾರದ ಜಿಯೊಡೆಸಿಕ್ ಗುಮ್ಮಟಗಳಿಂದ ಮುಂದೆ ಹೆಸರಾದ ಬಕ್‌ಮಿನ್‌ಸ್ಟರ್ ಫುಲ್ಲರ್ 1899ರಲ್ಲಿ ಅಮೆರಿಕದ ಶಿಶುವಿಹಾರದಲ್ಲಿ ಇದನ್ನೇ ಆಡಿದ್ದರು. ಬೇರೆ ಮಕ್ಕಳು ಕಂಡ ಮನೆಗಳಂತೆ ಚೌಕ ಪೆಟ್ಟಿಗೆ ಕಟ್ಟಿದರೆ, ದೃಷ್ಟಿ ಮಂದವಿದ್ದ ಆ ಹುಡುಗ ಬೆರಳಿಗೆ ಗಟ್ಟಿ ಅನಿಸಿದ್ದನ್ನೇ ನಂಬಿ ತ್ರಿಕೋನಗಳನ್ನು ಜೋಡಿಸಿದನಂತೆ. ಒಣ ಬಟಾಣಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಸ್ವಲ್ಪ ಆರಿದ ಮೇಲೆ ಹಲ್ಲುಕಡ್ಡಿ ಚುಚ್ಚಿ. ಮೊನೆಯನ್ನು ಮೊದಲೇ ಮೊಂಡು ಮಾಡಿಕೊಟ್ಟರೆ ಒಳ್ಳೆಯದು. ಒಂದೆರಡು ದಿನದಲ್ಲಿ ಬಟಾಣಿ ಒಣಗಿ ಕುಗ್ಗಿ ಕಡ್ಡಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಆಮೇಲೆ ಚೌಕವೂ ಅಷ್ಟು ಸುಲಭಕ್ಕೆ ವಾಲುವುದಿಲ್ಲ. ಆದ್ದರಿಂದ ಬೀಳಿಸಿ ನೋಡುವ ಆಟವನ್ನೆಲ್ಲ ಬಟಾಣಿ ಹಸಿಯಿರುವಾಗಲೇ ಆಡಿ ಮುಗಿಸಬೇಕು.