ಸಿ ಅಂದ್ರೆ 'ಸ'ನೂ ಅಲ್ಲ, 'ಕ'ನೂ ಅಲ್ಲ: ಸೊಮಾಲಿ ಭಾಷೆಯ ದನಿಗಳು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ಕಿವಿಯಲ್ಲಿ ಕೇಳಬೇಕಾದ ವಿಷಯ ಇದು, ಆದರೂ ಅಕ್ಷರದಲ್ಲಿ ಎಷ್ಟು ಹಿಡಿಯೋಕಾಗುತ್ತೋ ಅಷ್ಟು ಹಿಡಿದಿದ್ದೀನಿ.

ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತಿದ್ದೆ. ಕೌಂಟರಿನಿಂದ "ಕ್ಯಾಲಿ, ಕ್ಯಾಲಿ" ಅಂತ ನಾಲ್ಕು ಸಲ ಕೂಗಿದ್ರು. ಯಾರೂ ಏಳಲಿಲ್ಲ, ಮುಂದಿನವರನ್ನ ಕರೆದ್ರು. ನನ್ನ ಪಕ್ಕದಲ್ಲಿದ್ದ ಸೊಮಾಲಿ ಹಿರಿಯರು ಒಂದು ಗಂಟೆ ಕಾದು, ಎದ್ದು ಹೋಗಿ ಕೇಳಿದಾಗ ಗೊತ್ತಾಯ್ತು, ಆ ಕ್ಯಾಲಿ ಇವರೇ. ಕಾಗದದಲ್ಲಿದ್ದ ಹೆಸರು ಸಿ, ಎ, ಎಲ್, ಐ. ಅದನ್ನ ಓದಬೇಕಾದದ್ದು 'ಅಲಿ' ಅಂತ.

ಹೀಗ್ಯಾಕೆ ಬರೀತಾರೆ? ಸೊಮಾಲಿಯಾ 1960ರಲ್ಲಿ ಸ್ವತಂತ್ರ ಆದಾಗ ಕಚೇರಿ ಕೆಲಸ ನಡೀತಿದ್ದದ್ದು ಇಟಾಲಿಯನ್, ಇಂಗ್ಲಿಷ್, ಅರಬ್ಬಿಗಳಲ್ಲಿ. ಮನೆಮನೆಯ ಮಾತಾದ ಸೊಮಾಲಿಗೆ ಸರ್ಕಾರ ಒಪ್ಪಿದ ಲಿಪಿಯೇ ಇರಲಿಲ್ಲ. ಯಾವ ಲಿಪಿ ಅನ್ನೋ ಜಗಳ ಹನ್ನೆರಡು ವರ್ಷ ಎಳೆದು, 1972ರ ಅಕ್ಟೋಬರಿನಲ್ಲಿ ಲ್ಯಾಟಿನ್ ಲಿಪಿ ಗೆದ್ದಿತು. ಶಿರೆ ಜಾಮಾ ಅಹ್ಮದ್ ರೂಪಿಸಿದ್ದ ಕ್ರಮದಲ್ಲಿ ಅಕ್ಷರದ ಮೇಲೆ ಕೆಳಗೆ ಚುಕ್ಕಿ, ಗೆರೆ ಏನೂ ಇಲ್ಲ. ಸಾಮಾನ್ಯ ಟೈಪ್‌ರೈಟರ್ ಸಾಕು. ಹಾಗಾಗಿ ಬೇರೆ ಕೆಲಸ ಇಲ್ಲದೆ ಖಾಲಿ ಕೂತಿದ್ದ ಅಕ್ಷರಗಳಿಗೆ ಗಂಟಲಿನ ದನಿಗಳನ್ನ ಹಂಚಿದರು. ಎಂಜಿನಿಯರ್ ಆಗಿ ನನಗೆ ಇದು ಬಹಳ ಜಾಣ ಕೆಲಸ ಅನ್ನಿಸುತ್ತೆ, ಹೊರಗಿನವರು ಓದುವಾಗ ಎಡವಿದರೂ ಸರಿ.

ಸಿ ಅಕ್ಷರ ಅರಬ್ಬಿಯ 'ಅಯ್ನ್'. ಡಾಕ್ಟರು ಕಡ್ಡಿ ಇಟ್ಟು "ಆ ಅನ್ನಿ" ಅಂದಾಗ ಗಂಟಲು ಬಿಗಿಯಾಗುತ್ತಲ್ಲ, ಆ ಬಿಗಿಯಲ್ಲಿ ಕಂಠ ಕಂಪಿಸಬೇಕು. ಎಕ್ಸ್ ಅಕ್ಷರ ಅದೇ ಜಾಗದ, ಕಂಪನ ಇಲ್ಲದ 'ಹ'. ಕನ್ನಡಕದ ಗಾಜು ಒರೆಸೋ ಮುಂಚೆ 'ಹಾ' ಅಂತ ಊದ್ತೀವಲ್ಲ, ಅದನ್ನೇ ಇನ್ನೂ ಬಿಗಿಯಾಗಿ. ಮೊಗದಿಶುವಿಗೆ ಜನ ಕರೆಯೋ ಹೆಸರು 'ಹಮರ್', ಬರೆಯೋದು ಎಕ್ಸ್‌ನಿಂದ. ಕ್ಯೂ ಅಂದ್ರೆ ಕಿರುನಾಲಿಗೆಯ ಹತ್ತಿರದಿಂದ ಬರೋ ಕಕಾರ. 'ಪ' ಇಲ್ಲವೇ ಇಲ್ಲ. ಪೊಲೀಸರು 'ಬೋಲೀಸ್', ಪಾಸ್ತಾ 'ಬಾಸ್ತೋ'.

ನಮಗೆ ಸುಲಭವಾದದ್ದೂ ಒಂದಿದೆ. ಡಿ ಜೊತೆ ಎಚ್ ನೋಡಿ ನಾವು 'ಧ' ಅಂತೀವಿ, ಅದು ನಮ್ಮ 'ಡ'! ನಾಲಿಗೆ ಮಡಿಸಿ ಹೇಳೋ ಡ. ಕಿವಿಗೆ 'ಡೆಗ್', ಬರೀ ಡಿ ಇದ್ದರೆ 'ದ'. ಇಂಗ್ಲಿಷಿನವರು ಒದ್ದಾಡೋ ಈ ಜಾಗದಲ್ಲಿ ಕನ್ನಡಿಗರು ಆರಾಮಾಗಿ ದಾಟ್ತೀವಿ. ಹುಡುಗಿಗೆ ಉತ್ತರದ ಕಡೆ 'ಗಬಡ್', ದಕ್ಷಿಣದಲ್ಲಿ 'ಗಬರ್'. ಡಕಾರ ರಕಾರವಾಗೋದು ಅಲ್ಲೂ ಇದೆ.

ಸ್ವರದ ಅಕ್ಷರ ಐದೇ. ಹ್ರಸ್ವ ದೀರ್ಘ ಸೇರಿ ಹತ್ತು, ದೀರ್ಘಕ್ಕೆ ಅಕ್ಷರ ಎರಡು ಸಲ ಬರೀತಾರೆ. ಆದರೆ ಬಾಯಲ್ಲಿ ಇಪ್ಪತ್ತು. ನಾಲಿಗೆಯ ಬುಡ ಮುಂದಕ್ಕೆ ಬಂದರೆ ಒಂದು ಬಣ್ಣ, ಹಿಂದಿದ್ದರೆ ಇನ್ನೊಂದು. 'ದೂಲ್' ಅನ್ನೋದು ಒಂದು ಬಣ್ಣದಲ್ಲಿ 'ಹಾರು', ಇನ್ನೊಂದರಲ್ಲಿ 'ದಾಳಿ ಮಾಡು'. ಬರಹದಲ್ಲಿ ಎರಡಕ್ಕೂ ಒಂದೇ ರೂಪ.

ಈಗ ದನಿಯ ಏರಿಳಿತ. ಚೀನೀ ಭಾಷೆ ಥರ ಪ್ರತಿ ಅಕ್ಷರಕ್ಕೂ ಒಂದು ರಾಗ ಅಂದ್ಕೋಬೇಡಿ. ದೆಹಲಿಯಲ್ಲಿರೋರು ಪಂಜಾಬಿ ಕೇಳಿರ್ತೀರಿ, ಅದರ ಹಾಗೂ ಅಲ್ಲ. ಸೊಮಾಲಿಯಲ್ಲಿ ಒಂದು ಪದಕ್ಕೆ ಸಾಮಾನ್ಯವಾಗಿ ಒಂದೇ ಏರು, ಅದು ಎಲ್ಲಿ ಬೀಳುತ್ತೆ ಅನ್ನೋದೇ ವ್ಯಾಕರಣ. 'ಇನನ್' ಪದದಲ್ಲಿ 'ಇ' ಏರಿದರೆ ಹುಡುಗ, 'ನನ್' ಏರಿದರೆ ಹುಡುಗಿ. 'ಅರ್ದಯ್' ಮೊದಲಲ್ಲಿ ಏರಿದರೆ ಒಬ್ಬ ವಿದ್ಯಾರ್ಥಿ, ಕೊನೆಯಲ್ಲಿ ಏರಿದರೆ ಹಲವರು. ನಾವು ಅನು, ಗಳು ಅಂತ ಅಂಟಿಸಿ ಮಾಡೋ ಕೆಲಸವನ್ನ ಇವರು ದನಿ ಎತ್ತಿ ಮುಗಿಸ್ತಾರೆ.

ಏರನ್ನ ಅಳೆಯೋದು ಯಾವುದರಲ್ಲಿ? ಮಾತ್ರೆಯಲ್ಲಿ. ಹೌದು, ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕುವಾಗ ಲಘುವಿಗೆ ಒಂದು, ಗುರುವಿಗೆ ಎರಡು ಅಂತ ಎಣಿಸಿದೆವಲ್ಲ, ಅದೇ ಥರದ ಎಣಿಕೆ. 'ದಮೇರ್' ಅಂದ್ರೆ ಕತ್ತೆ. ಅದರ 'ಮೇ'ಯಲ್ಲಿ ಎರಡು ಮಾತ್ರೆ. ಮೊದಲ ಮಾತ್ರೆಯಲ್ಲಿ ಏರಿ ಇಳಿದರೆ ಗಂಡು ಕತ್ತೆ, ಏರು ಎರಡನೆಯದಕ್ಕೆ ಬಿದ್ದರೆ ಹೆಣ್ಣು. ಒಂದೇ ದೀರ್ಘ ಸ್ವರದ ಒಳಗೇ ಲಿಂಗ ಬದಲು! ಸೊಮಾಲಿ ಕಾವ್ಯದ ಛಂದಸ್ಸೂ ಹೀಗೆ ಹ್ರಸ್ವ ದೀರ್ಘದ ಎಣಿಕೆಯ ಮೇಲೇ ನಿಂತಿದೆ. ಕವಿಗಳು ತಲೆಮಾರುಗಳಿಂದ ಕಿವಿಯಲ್ಲೇ ಅಳೀತಿದ್ದ ಆ ಲೆಕ್ಕವನ್ನ ಸೊಮಾಲಿ ವಿದ್ವಾಂಸರು ಬರೆದು ತೋರಿಸಿದ್ದು 1970ರ ದಶಕದಲ್ಲಿ.

ಇನ್ನೊಂದು ವಿಚಿತ್ರ. ನಾಮಪದ ವಾಕ್ಯದಲ್ಲಿ ಕರ್ತೃವಾದರೆ ಸಾಮಾನ್ಯವಾಗಿ ಅದರ ಏರು ಬಿದ್ದು ಹೋಗುತ್ತೆ. "ಹುಡುಗ ಬಂದ" ಅನ್ನುವಾಗ ನಮ್ಮಲ್ಲಿ ಕರ್ತೃ ಬರಿಗೈಲಿರುತ್ತೆ, ಗುರುತು ಅಂಟೋದು "ಹುಡುಗನ್ನ" ಅಂದಾಗ. ಅಲ್ಲಿ ಉಲ್ಟಾ, ಗುರುತು ಕರ್ತೃವಿಗೆ.

ಇಷ್ಟೆಲ್ಲ ಕೆಲಸ ಮಾಡೋ ಏರನ್ನ ಲಿಪಿಯಲ್ಲಿ ಬರೆಯೋದೇ ಇಲ್ಲ! ಲಿಲಿಯಾಸ್ ಆರ್ಮ್‌ಸ್ಟ್ರಾಂಗ್ 1934ರಲ್ಲೇ ಸೊಮಾಲಿಯ ದನಿ ಮತ್ತು ಏರಿಳಿತಗಳ ಬಗ್ಗೆ ವಿವರವಾಗಿ ಬರೆದಿದ್ದರು, ಆದ್ದರಿಂದ ಗೊತ್ತಿಲ್ಲದೆ ಬಿಟ್ಟದ್ದೇನಲ್ಲ. ಓದುಗರು ಹೇಗೆ ನಿಭಾಯಿಸ್ತಾರೆ? ಪದದ ಬಾಲ ನೋಡಿ. ಇಂಗ್ಲಿಷಿನ 'ದ' ಕೆಲಸ ಮಾಡೋ ಪ್ರತ್ಯಯ ಪುಲ್ಲಿಂಗಕ್ಕೆ 'ಕ', ಸ್ತ್ರೀಲಿಂಗಕ್ಕೆ 'ತ'. ಇನನ್ಕ ಅಂದ್ರೆ ಆ ಹುಡುಗ, ಇನನ್ತ ಅಂದ್ರೆ ಆ ಹುಡುಗಿ. ಗೊಂದಲ ಮುಗೀತು. ಈ ಬಾಲವೂ ಸುಮ್ಮನಿರಲ್ಲ, ನಮ್ಮ ಸಂಧಿ ಥರ ಬದಲಾಗುತ್ತೆ: ಅರ್ದಯ್ಗ ಅಂದ್ರೆ ಆ ವಿದ್ಯಾರ್ಥಿ, ಅರ್ದಯ್ದ ಅಂದ್ರೆ ಆ ವಿದ್ಯಾರ್ಥಿಗಳು. ಹೆಣ್ಣು ಒಂಟೆ 'ಹಲ್', ಅದಕ್ಕೆ 'ತ' ಸೇರಿದರೆ 'ಹಶ'.

ಮನುಷ್ಯರಿಗೆ ಇಷ್ಟು ಸಾಕು. ನಮ್ಮ ಥರ ಕೋಡ್ ಬರೆಯೋರಿಗೆ ಸಾಲದು. ಬರಹವನ್ನ ಓದಿ ಹೇಳೋ ಸಾಫ್ಟ್‌ವೇರಿಗೆ ಬಾಲ ಇಲ್ಲದ ಬರೀ 'ಇನನ್' ಸಿಕ್ಕಿದರೆ ಅದು ಅಕ್ಕಪಕ್ಕದ ಕ್ರಿಯಾಪದ ನೋಡಿ, ಕರ್ತೃ ಯಾರು ಅಂತ ಹುಡುಕಿ, ಆಮೇಲೆ ದನಿ ಎತ್ತಬೇಕು. ಅಂದ್ರೆ ಉಚ್ಚಾರಣೆಗೂ ಮೊದಲು ವ್ಯಾಕರಣ ಗೊತ್ತಿರಬೇಕು. ಅಕ್ಷರಕ್ಕೊಂದು ದನಿ ಅಂತ ಪಟ್ಟಿ ಹಾಕಿಕೊಂಡು ಹೊರಟರೆ ಹುಡುಗಿ ಹುಡುಗನಾಗ್ತಾಳೆ.

ಆವತ್ತು ಆಸ್ಪತ್ರೆಯಲ್ಲಿ ಆ ಹಿರಿಯರು ತಮ್ಮ ಹೆಸರನ್ನ ನನ್ನ ಬಾಯಲ್ಲಿ ಮೂರು ಸಲ ಹೇಳಿಸಿದ್ರು. ಮೂರು ಸಲವೂ ನಕ್ಕರು. ವಿಡಿಯೋದಲ್ಲೂ ನನ್ನ ಅಯ್ನ್ ಸರಿ ಬಂದಿಲ್ಲ. ಸೊಮಾಲಿ ಗೆಳೆಯರು ಇದ್ದರೆ ಅವರಿಗೆ ಕೇಳಿಸಿ, ಎಲ್ಲಿ ತಪ್ಪಿದ್ದೀನಿ ಅಂತ ಬರೆದು ಕಳಿಸಿ.